ಬೀಗರು ಕಂಡ ಸೈಕಲ್ಲು

ನಮ್ಮ ಬೀಗರ ಬಲಗೈ ಹೆಬ್ಬೆರಳಿನ ಉಗುರು ವರ್ಷವಿಡೀ ಕಪ್ಪಗೇ ಇರುತ್ತದೆ. ಕೊಳೆಯಲ್ಲ, ಹಿಪ್ಪುನೇರಳೆ ಸೊಪ್ಪು ಬಿಡಿಸಿ ಬಿಡಿಸಿ ಹತ್ತಿದ ಕರೆ. ನಿಂಬೆಹಣ್ಣು ಹಚ್ಚಿ ಉಜ್ಜಿದರೂ ಹೋಗುವುದಿಲ್ಲ. ನನ್ನ ಮಗಳನ್ನು ಅವರ ಮಗನಿಗೆ ಧಾರೆ ಎರೆದುಕೊಟ್ಟ ದಿನ ಅವರು ರೇಷ್ಮೆ ಪಂಚೆ, ಶಲ್ಯ ತೊಟ್ಟು ಮಂಟಪದಲ್ಲಿ ನಿಂತಿದ್ದರು. ಹೆಬ್ಬೆರಳನ್ನು ಮಾತ್ರ ಮುಷ್ಟಿಯೊಳಗೆ ಮಡಚಿಟ್ಟುಕೊಂಡಿದ್ದರು. ಫೋಟೋದವನು, "ಕೈ ಬುಡಿ ಯಜಮಾನ್ರೇ, ಜಗಳಕ್ಕೆ ನಿಂತಂಗೈತೆ" ಎಂದ. ಬೀಗರು ಬಿಡಲಿಲ್ಲ. ಇವತ್ತಿಗೂ ನಮ್ಮ ಮನೆಯ ಮದುವೆ ಆಲ್ಬಮ್ಮಿನ ಪ್ರತಿ ಫೋಟೋದಲ್ಲೂ ಅವರು ಯಾರಿಗೋ ಗುದ್ದಲು ತಯಾರಾದವರ ಹಾಗೆ ನಿಂತಿದ್ದಾರೆ. ಅಷ್ಟು ಸಾಧುವಾದ ಇನ್ನೊಬ್ಬ ಮನುಷ್ಯನನ್ನು ನಾನು ಕಂಡಿಲ್ಲ.

ಬೀಗರು ಎಂದರೆ ನಮ್ಮ ಕಡೆ ಅರ್ಧ ನೆಂಟರು, ಅರ್ಧ ದೇವರು, ಮಿಕ್ಕ ಅರ್ಧ ಪೊಲೀಸರು. ಲೆಕ್ಕ ಸರಿಹೋಗುವುದಿಲ್ಲ ಅಂತ ನನಗೂ ಗೊತ್ತು, ಆದರೆ ಹೆಣ್ಣು ಕೊಟ್ಟವರನ್ನು ಕೇಳಿ ನೋಡಿ. ಅವರೆದುರು ಜೋರಾಗಿ ನಗುವಂತಿಲ್ಲ, ಕಾಲ ಮೇಲೆ ಕಾಲು ಹಾಕುವಂತಿಲ್ಲ, ಬಡಿಸಿದ್ದನ್ನು ಬೇಡ ಅನ್ನುವಂತಿಲ್ಲ. ಏನನ್ನೂ ನೇರವಾಗಿ ಕೇಳುವಂತಿಲ್ಲ, ನೇರವಾಗಿ ಹೇಳುವಂತೆಯೂ ಇಲ್ಲ. ಈ ಕಟ್ಟುಪಾಡನ್ನು ನಮ್ಮ ಬೀಗರು ನನಗಿಂತ ಹೆಚ್ಚು ಪಾಲಿಸುತ್ತಿದ್ದರು. ನಮ್ಮ ಮನೆಗೆ ಬಂದರೆ ಕುರ್ಚಿಯ ತುದಿಯಲ್ಲೇ ಕೂರುವುದು. ಯಾವ ಮಾತಿಗೂ ಮೊದಲು ಒಂದು ಕ್ಷಮಾಪಣೆ. "ತಪ್ಪ್ ತಿಳ್ಕಬೇಡಿ ಬೀಗ್ರೇ, ಒಸಿ ನೀರು." "ತಪ್ಪ್ ತಿಳ್ಕಬೇಡಿ ಬೀಗ್ರೇ, ಮಳೆ ಬರಂಗೈತೆ." ಮಳೆ ಬಂದರೆ ನಾನು ಅವರನ್ನು ಯಾಕೆ ತಪ್ಪು ತಿಳಿಯಬೇಕೋ ಆ ದೇವರಿಗೇ ಗೊತ್ತು.

ಅವರದು ಕನಕಪುರ ತಾಲ್ಲೂಕಿನ ಕೋಡಿಹಳ್ಳಿ ಕಡೆ. ಹಿಪ್ಪುನೇರಳೆ ತೋಟ, ಎರಡು ಸೀಮೆಹಸು, ಮನೆಯ ಹಿಂದೆ ರೇಷ್ಮೆಹುಳು ಸಾಕುವ ಉದ್ದನೆಯ ಮನೆ. ಹುಳುಮನೆಯ ವಿಚಾರದಲ್ಲಿ ಮಾತ್ರ ಅವರ ಸಾಧುತನ ನಡೆಯುತ್ತಿರಲಿಲ್ಲ. ಸೆಂಟು ಹಾಕಿಕೊಂಡವರು, ಬೀಡಿ ಸೇದಿದವರು, ಘಾಟು ಇರುವ ಏನನ್ನಾದರೂ ಬಾಯಲ್ಲಿ ಇಟ್ಟುಕೊಂಡವರು ಆ ಬಾಗಿಲ ಹತ್ತಿರ ಸುಳಿಯುವಂತಿಲ್ಲ, ಘಾಟಿಗೆ ಹುಳು ಸಾಯುತ್ತವೆ. ತಮ್ಮ ಮದುವೆಯಾದ ಹೊಸದರಲ್ಲಿ ಸೆಂಟು ಪೂಸಿಕೊಂಡು ಬಂದ ಸ್ವಂತ ಭಾವಮೈದುನನನ್ನು ಬಾವಿಕಟ್ಟೆಗೆ ಕಳಿಸಿ ಸ್ನಾನ ಮಾಡಿಸಿ ಒಳಗೆ ಬಿಟ್ಟಿದ್ದರಂತೆ. ರೇಷ್ಮೆಗೂಡು ಇಳಿದಾಗ ಕನಕಪುರದಲ್ಲೇ ಮಾರುಕಟ್ಟೆ ಇದ್ದರೂ ರೇಟು ಒಳ್ಳೆಯದು ಸಿಗುತ್ತದೆಂದು ರಾಮನಗರಕ್ಕೇ ತರುತ್ತಿದ್ದರು. ನನ್ನ ಮನೆ ಚನ್ನಪಟ್ಟಣ, ಕಚೇರಿ ಇರುವುದೂ ರಾಮನಗರದಲ್ಲೇ. ಆಗಿದ್ದೆಲ್ಲ ಅದರಿಂದಲೇ.

ನಾನು ಹೆದರುತ್ತಿದ್ದದ್ದು ಅವರಿಗಲ್ಲ, ಬೀಗಿತ್ತಿಗೆ. ಆಕೆ ಕೆಟ್ಟವರೇನಲ್ಲ, ನಾಲಿಗೆಗೆ ಮೂಗುದಾರ ಇರಲಿಲ್ಲ ಅಷ್ಟೆ. ಮದುವೆ ಮುಗಿದು ಬೀಗರೂಟದ ದಿನ ನಾನು ಮುದ್ದೆ ಮುರಿಯುತ್ತಾ ಕೂತಿದ್ದೆ. ಹಿಂದಿನ ಸಾಲಿನಲ್ಲಿ ಹೆಂಗಸರು ಅವರೂರಿನ ಯಾವುದೋ ಸೊಸೆಯ ವಿಷಯ ಮಾತಾಡುತ್ತಿದ್ದರು. ಆ ಹುಡುಗಿಯ ತಂದೆಗೆ ಏನೋ ಕಾಯಿಲೆ ಇತ್ತಂತೆ, ಈಗ ಅವಳಿಗೂ ಕಾಣಿಸಿಕೊಂಡಿದೆಯಂತೆ. ನಮ್ಮ ಬೀಗಿತ್ತಿ ಸಾರಿನ ಸೌಟು ಹಿಡಿದುಕೊಂಡೇ, "ಬಿತ್ನೆ ನೋಡ್ದೆ ಹೊಲಕ್ಕೆ ಹಾಕುದ್ರೆ ಇನ್ನೇನಾಯ್ತದೆ?" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ನನ್ನ ದೇಹದೊಳಗೆ ಏನು ನಡೆದಿದೆ ಎಂದು ಆಗ ನನಗೆ ಗೊತ್ತಿರಲಿಲ್ಲವಲ್ಲ.

ಮದುವೆಯ ಓಡಾಟ ಮುಗಿದು, ಮಳೆಗಾಲ ಹಿಡಿಯುವ ಹೊತ್ತಿಗೆ ನನ್ನ ಅಂಗಾಲು ಜುಮುಗುಟ್ಟಲು ಶುರುವಾಯಿತು. ಚನ್ನಪಟ್ಟಣದ ಡಾಕ್ಟರು ರಕ್ತ ನೋಡಿ, "ಶುಗರ್ ಬಂದು ಕೂತುಬಿಟ್ಟಿದೆ ಸಾರ್. ನೀವೂ ಅದರ ಜೊತೆ ಕೂತರೆ ಆಗಲ್ಲ, ಕುರ್ಚಿ ಬಿಟ್ಟು ಏಳಿ" ಎಂದರು. ಮನೆಯಲ್ಲಿ ಯಾರಿಗಾದರೂ ಇತ್ತೇ ಎಂದರು. ನಮ್ಮಪ್ಪನ ಕಾಲು ನೆನಪಾಯಿತು. ನಾನು ಹೈಸ್ಕೂಲಿನಲ್ಲಿದ್ದಾಗ ಗದ್ದೆಯಲ್ಲಿ ಮುಳ್ಳು ಚುಚ್ಚಿ ಗಾಯ ಮಾಯದೆ ಅಪ್ಪನ ಕಾಲು ತೆಗೆದಿದ್ದರು. ನಮ್ಮೂರಿನಲ್ಲಿ ಅದನ್ನು ಮುಳ್ಳಿನ ದೋಷ ಎಂದೇ ಹೇಳಿದ್ದು. ಮುಳ್ಳು ಎಲ್ಲರಿಗೂ ಚುಚ್ಚುತ್ತದೆ, ಎಲ್ಲರ ಕಾಲೂ ಹೋಗುವುದಿಲ್ಲ ಎಂದು ಡಾಕ್ಟರ ಎದುರು ಕೂತಾಗ ಹೊಳೆಯಿತು.

ವಿಷಯ ಹೆಂಡತಿಗೆ ಮಾತ್ರ ಹೇಳಿದೆ. ಮಗಳಿಗೆ ಹೇಳಲಿಲ್ಲ, ಹೇಳಿದರೆ ಅವಳು ಗಂಡನಿಗೆ ಹೇಳುತ್ತಾಳೆ, ಅವನು ತಾಯಿಗೆ ಹೇಳುತ್ತಾನೆ. ಹೊಸ ಮನೆಗೆ ಹೋಗಿ ಇನ್ನೂ ವರ್ಷ ತುಂಬದ ಹುಡುಗಿ. ನಾಳೆ ಅವಳಿಗೆ ಒಂದು ನೆಗಡಿ ಬಂದರೂ 'ಬಿತ್ತನೆ' ಎನ್ನುವ ಮಾತು ಬರುತ್ತದೆ. ನನ್ನ ಕಾಯಿಲೆ ಅವಳ ತಲೆಯ ಮೇಲೆ ಕೂರಬಾರದು ಎನ್ನುವುದೊಂದೇ ನನಗೆ ಇದ್ದ ಚಿಂತೆ. ರಾತ್ರಿ ಮಲಗಿದರೆ ಅಪ್ಪನ ಕಾಲಿಗಿಂತ ಹೆಚ್ಚಾಗಿ ಅದೇ ಕಾಡುತ್ತಿತ್ತು.

ಡಾಕ್ಟರು ನಡೆಯಿರಿ ಎಂದಿದ್ದರು. ಬೆಳಿಗ್ಗೆ ನಡೆಯಲು ಹೋದರೆ 'ನಾಳೆಯಿಂದ' ಎನ್ನುವ ಶತ್ರು ನನ್ನ ಜೊತೆಗೇ ಹೊರಡುತ್ತಿದ್ದ. ಒಂದು ಭಾನುವಾರ ಶೆಡ್ಡು ಗುಡಿಸುವಾಗ ಮಗಳ ಹಳೆಯ ಸೈಕಲ್ಲು ಕಾಣಿಸಿತು. ಹೈಸ್ಕೂಲಿನಲ್ಲಿ ಸರ್ಕಾರದಿಂದ ಕೊಟ್ಟದ್ದು, ಹೆಣ್ಣುಮಕ್ಕಳ ಸೈಕಲ್ಲು, ಮುಂದೆ ಬುಟ್ಟಿ. ಕಚೇರಿಗೆ ಹೇಗೂ ಹೋಗಲೇಬೇಕು, ಸೈಕಲ್ಲಿನಲ್ಲೇ ಹೋದರೆ 'ನಾಳೆಯಿಂದ' ಎನ್ನಲು ಬರುವುದಿಲ್ಲ ಅನ್ನಿಸಿತು. ಟೈರು, ಟ್ಯೂಬು ಹಾಕಿಸಿ, ಸೀಟು ಎತ್ತರಿಸಿ, ಸ್ಕೂಟರನ್ನು ಹೆಂಡತಿಗೆ ಬಿಟ್ಟುಕೊಟ್ಟೆ. ಅವಳು ಒಂದು ಶಾಲೆಯಲ್ಲಿ ಟೀಚರು, ಅಲ್ಲಿಯವರೆಗೆ ಬಸ್ಸಿಗೆ ಕಾಯುತ್ತಿದ್ದಳು. ಮನೆಯಲ್ಲಿ ಸಂತೋಷವಾದದ್ದು ಅವಳೊಬ್ಬಳಿಗೇ.

ಐವತ್ತರ ಹತ್ತಿರ ಬಂದ ದೇಹ ಸೈಕಲ್ಲು ಹತ್ತುವುದೆಂದರೆ ಹುಡುಗಾಟವಲ್ಲ. ಮೊದಲ ದಿನ ನಮ್ಮ ಬೀದಿ ದಾಟುವುದರೊಳಗೆ ತೊಡೆ ನಡುಗಿ ಇಳಿದು ತಳ್ಳಿದೆ. ಎರಡನೇ ದಿನ ಪ್ಯಾಂಟು ಚೈನಿಗೆ ಸಿಕ್ಕಿತು. ವಾರವೆಲ್ಲ ಕುರ್ಚಿಯ ಮೇಲೆ ಸರಿಯಾಗಿ ಕೂರಲು ಆಗದೆ ಒಂದು ಪಕ್ಕಕ್ಕೆ ವಾಲಿಕೊಂಡು ಫೈಲು ನೋಡಿದೆ. ಕಚೇರಿಯಲ್ಲಿ, "ಏನ್ ಸಾರ್, ಯಾವ ಪೋಸ್ಟಿಗೆ ಸೈಕಲ್ ಹೊಡೀತಾ ಇದೀರಿ?" ಎಂದ ಒಬ್ಬ. ಹಳೇ ರಸ್ತೆಯ ಬೊಂಬೆ ಅಂಗಡಿಯ ಸಾಬರು ಒಬ್ಬರು, "ಗಾಡಿ ಮಾರ್ಬುಟ್ರಾ ಸಾರ್?" ಎಂದು ದಿನಾ ಕೇಳುತ್ತಿದ್ದರು. ಅವರಿಗೂ ಪಾಪ ಹೊತ್ತು ಹೋಗಬೇಕಲ್ಲ. ಬೈಪಾಸು ಬಂದ ಮೇಲೆ ಕಾರುಗಳೆಲ್ಲ ಆ ಕಡೆ ಹೋಗಿ ಅಂಗಡಿಯಲ್ಲಿ ನೊಣ ಹೊಡೆಯುವ ಹಾಗಾಗಿತ್ತು.

ಆದರೆ ಅವರ ನಷ್ಟವೇ ನನಗೆ ಲಾಭ. ಆ ಹಳೇ ರಸ್ತೆ ನನ್ನ ಪಾಲಿಗೇ ಬಿಟ್ಟುಕೊಟ್ಟಂತೆ ಖಾಲಿ ಇರುತ್ತಿತ್ತು. ಎಷ್ಟೋ ವರ್ಷ ಅದೇ ದಾರಿಯಲ್ಲಿ ಸ್ಕೂಟರಿನಲ್ಲಿ ಹೋಗಿದ್ದರೂ ಬಲಗಡೆ ಒಂದು ಕೆರೆ ಇದೆ ಎಂದು ನಾನು ನೋಡಿರಲಿಲ್ಲ. ದಾರಿಯಲ್ಲಿ ಕಾಣುವ ಬಂಡೆಬೆಟ್ಟಗಳು ಬೆಳಗಿನ ಬಿಸಿಲಿಗೆ ಕೆಂಪಗಾಗುತ್ತವೆ ಎಂದೂ ಗೊತ್ತಿರಲಿಲ್ಲ. ನಿಧಾನಕ್ಕೆ ಉಸಿರು ಹಿಡಿತಕ್ಕೆ ಬಂತು. ಬೆಲ್ಟಿನ ತೂತು ಒಂದು ಒಳಗೆ ಸರಿಯಿತು. ಅಂಗಾಲಿನ ಜುಮುಜುಮು ಕಮ್ಮಿಯಾಗಿದೆ ಎಂದು ತಿಳಿದ ದಿನ ರಸ್ತೆ ಬದಿಯಲ್ಲಿ ಸೈಕಲ್ಲು ನಿಲ್ಲಿಸಿ, ಚಪ್ಪಲಿ ಬಿಚ್ಚಿ, ಬರಿಗಾಲಲ್ಲಿ ನೆಲ ಮುಟ್ಟಿ ನೋಡಿದೆ. ಕಲ್ಲು ಚುಚ್ಚಿತು. ಚುಚ್ಚಿದ್ದು ಗೊತ್ತಾಯಿತು. ಕಲ್ಲು ಚುಚ್ಚಿದ್ದಕ್ಕೆ ಖುಷಿಪಟ್ಟವನು ಆ ರಸ್ತೆಯಲ್ಲಿ ನಾನೊಬ್ಬನೇ ಇರಬೇಕು.

ಹೀಗಿರುವಾಗ ಒಂದು ಬೆಳಿಗ್ಗೆ ರಾಮನಗರದ ಗೂಡಿನ ಮಾರುಕಟ್ಟೆಯ ಹತ್ತಿರ ಬೆವರು ಸುರಿಸಿಕೊಂಡು ತುಳಿದು ಬರುತ್ತಿದ್ದೆ. ಟೀ ಅಂಗಡಿಯ ಮುಂದಿನಿಂದ "ಬೀಗ್ರೇ!" ಎಂದು ಕೂಗು ಬಂತು. ನೋಡಿದರೆ ಅವರೇ. ಗೂಡು ಹರಾಜಿಗೆ ಹಾಕಿ ಟೀ ಕುಡಿಯಲು ಬಂದಿದ್ದರು. ಲೋಟ ಕೆಳಗಿಟ್ಟು ಓಡಿ ಬಂದರು. ನನ್ನ ಮುಖ ನೋಡಿದರು, ಸೈಕಲ್ಲು ನೋಡಿದರು, ಬುಟ್ಟಿಯಲ್ಲಿದ್ದ ಊಟದ ಡಬ್ಬಿ ನೋಡಿದರು. ಹ್ಯಾಂಡಲಿನ ಮೇಲೆ ನನ್ನ ಮಗಳು ಹೈಸ್ಕೂಲಿನಲ್ಲಿದ್ದಾಗ ಅಂಟಿಸಿದ್ದ ಚಿಟ್ಟೆಯ ಸ್ಟಿಕರನ್ನೂ ನೋಡಿದರು.

"ತಪ್ಪ್ ತಿಳ್ಕಬೇಡಿ ಬೀಗ್ರೇ. ಗಾಡಿ?"

"ಗಾಡಿ ಮನೇಲಿದೆ ಬೀಗ್ರೇ."

"ಮತ್ತೆ ಇದು?"

"ಸುಮ್ನೆ" ಎಂದೆ.

ಕೆಟ್ಟಿದ್ದು ಆ ಮಾತಿನಿಂದ. ನಮ್ಮ ಸೀಮೆಯಲ್ಲಿ ಸುಮ್ಮನೆ ಎಂದರೆ ಸುಮ್ಮನೆ ಎಂದು ಅರ್ಥವಲ್ಲ. ಯಾಕಮ್ಮ ಅಳ್ತಿದ್ದೀಯ ಎಂದರೆ ಸುಮ್ನೆ. ಯಾಕಪ್ಪ ತವರಿಗೆ ಬಂದಳು ಎಂದರೆ ಸುಮ್ನೆ. ಹೇಳಬಾರದ ಕಾರಣ ಇದೆ, ಕೆದಕಬೇಡಿ ಎನ್ನುವುದಕ್ಕೆ ನಾವು ಇಟ್ಟುಕೊಂಡಿರುವ ಮಾತು ಅದು. ಬೀಗರ ಮುಖ ಸಣ್ಣದಾಯಿತು. "ಸರಿ, ಸರಿ" ಎಂದು ನನ್ನ ತೋಳು ಸವರಿದರು. ಬೇಡವೆಂದರೂ ಎರಡು ಬನ್ನು ಕಟ್ಟಿಸಿ ಬುಟ್ಟಿಗೆ ಹಾಕಿದರು. ನಾನು ತಿರುವು ದಾಟುವವರೆಗೂ ರಸ್ತೆಯಲ್ಲೇ ನಿಂತಿದ್ದರು.

ಮದುವೆ ಮಾಡಿ ಬೀಗರು ಕೆಟ್ಟುಹೋದರು, ಗಾಡಿ ಮಾರಿಕೊಂಡು ಮಗಳ ಸೈಕಲ್ಲು ತುಳಿಯುವ ಹಾಗಾಯಿತು ಎಂದು ಅವರು ತೀರ್ಮಾನ ಮಾಡಿದ್ದರು. ನನಗದು ಗೊತ್ತಾದದ್ದು ಬಸ್ಸಿನ ಕಂಡಕ್ಟರಿಂದ. ಕನಕಪುರದ ಕಡೆಯಿಂದ ಬರುವ ಬಸ್ಸಿನಲ್ಲಿ ನನ್ನ ಹೆಸರಿಗೆ ಮೂಟೆಗಳು ಬರಲು ಶುರುವಾದವು. ಮೊದಲು ರಾಗಿ. ಆಮೇಲೆ ಅವರೆಕಾಯಿ, ಬೆಣ್ಣೆ ಕಾಯಿಸಿದ ತುಪ್ಪ, ಬಾಳೆಗೊನೆ. "ನಿಮ್ ಬೀಗ್ರು ಕಳ್ಸವ್ರೆ. 'ನಮ್ಮನೇಲಿ ತಿನ್ನೋರಿಲ್ದೆ ಹಾಳಾಯ್ತಾ ಐತೆ' ಅಂತ ಹೇಳು ಅಂದವ್ರೆ" ಎಂದು ಕಂಡಕ್ಟರು ಒಪ್ಪಿಸುತ್ತಿದ್ದರು. ಮಗಳಿಗೆ ಫೋನು ಮಾಡಿದರೆ, "ನಾನು ಹೇಳಿದೆ ಅಪ್ಪ, ನಿಮಗೆ ಸೈಕಲ್ ಶೋಕಿ ಹಿಡಿದಿದೆ ಅಂತ. ಮಾವ ನಂಬಲಿಲ್ಲ. 'ಈ ವಯಸ್ಸಲ್ಲಿ ಯಾರ್ಗವ್ವ ಸೈಕಲ್ ಶೋಕಿ? ನಿಮ್ಮಪ್ಪ ಮಾನಸ್ಥರು, ಬಾಯ್ಬುಡಕಿಲ್ಲ' ಅಂದ್ರು" ಎಂದು ನಕ್ಕಳು.

ಸಂಕ್ರಾಂತಿಗೆ ಎಳ್ಳುಬೆಲ್ಲದ ಜೊತೆಗೆ ಅವರೇ ಬಂದರು. ತಮ್ಮನ ಹಳೆಯ ಮೊಪೆಡ್ಡನ್ನು ಕೋಡಿಹಳ್ಳಿಯಿಂದ ತಾವೇ ಓಡಿಸಿಕೊಂಡು, ಮೈಯೆಲ್ಲ ಧೂಳಾಗಿ. "ತಪ್ಪ್ ತಿಳ್ಕಬೇಡಿ ಬೀಗ್ರೇ, ನಮ್ಮನೇಲಿ ಇದ್ನ ನಿಲ್ಸಕ್ಕೆ ಜಾಗ ಇಲ್ಲ. ನಿಂತಲ್ಲೇ ನಿಂತ್ರೆ ಕೆಟ್ಟೋಯ್ತದೆ. ನೀವು ಒಸಿ ಓಡಿಸ್ತಾ ಮಡೀಕಳಿ" ಎಂದರು. ಅವರ ಮನೆಯ ಮುಂದೆ ಲಾರಿ ತಿರುಗಿಸುವಷ್ಟು ಜಾಗ ಇದೆ. ನನ್ನ ಸ್ಕೂಟರನ್ನು ತೋರಿಸಿ ಬಿಡೋಣವೆಂದರೆ ಹೆಂಡತಿ ಅದರಲ್ಲಿ ತವರಿಗೆ ಎಳ್ಳು ಬೀರಲು ಹೋಗಿದ್ದಳು. ಬೀಗರು ಖಾಲಿ ಶೆಡ್ಡಿನ ಕಡೆ ಒಮ್ಮೆ ನೋಡಿ ಕಣ್ಣು ತಗ್ಗಿಸಿದರು.

ಆಗ ನನ್ನ ಮುಂದೆ ಎರಡೇ ದಾರಿ. ಕಾಯಿಲೆಯವನಾಗಬೇಕು, ಇಲ್ಲ ದಿವಾಳಿಯಾದವನಾಗಬೇಕು. ಯೋಚನೆ ಮಾಡಿ ದಿವಾಳಿಯೇ ವಾಸಿ ಎಂದುಕೊಂಡೆ. ಬಡತನ ರಕ್ತದಲ್ಲಿ ಹರಿದು ಮಗಳಿಗೆ ಹೋಗುವುದಿಲ್ಲವಲ್ಲ. "ಆಗ್ಲಿ ಬೀಗ್ರೇ" ಎಂದು ಮೊಪೆಡ್ಡಿನ ಕೀ ಇಸಕೊಂಡೆ. ಅದು ಶೆಡ್ಡಿನಲ್ಲಿ ನಿಂತಿತು, ನಾನು ಸೈಕಲ್ಲು ತುಳಿದೆ.

ಯುಗಾದಿಗೆ ಕರೆ ಬಂತು. ಬೀಗಿತ್ತಿ ಹೋಳಿಗೆ ಮಾಡಿದ್ದರು. ಬೀಗರಿಗೆ ಬಲವಂತ ಮಾಡಿ ಬಡಿಸದೆ ಇದ್ದರೆ ಬಡಿಸಿದವರ ಮರ್ಯಾದೆ ಹೋಗುತ್ತದೆ, ಬಲವಂತಕ್ಕೆ ಒಪ್ಪದೆ ಇದ್ದರೆ ಉಂಡವರ ಮರ್ಯಾದೆ ಹೋಗುತ್ತದೆ. ಒಂದಾಯಿತು, ಎರಡಾಯಿತು, ಸಾಕು ಎಂದು ಎಲೆಗೆ ಕೈ ಅಡ್ಡ ಹಿಡಿದರೆ ಆಕೆ ಕೈಯ ಮೇಲೇ ಹಾಕಿದರು. ಪಕ್ಕದಲ್ಲಿ ಕೂತಿದ್ದ ಬೀಗರು ನನಗೆ ಜೊತೆ ಕೊಡಬೇಕೆಂದು ಒಂದೊಂದಕ್ಕೂ ಒಂದೊಂದು ಹಾಕಿಸಿಕೊಂಡು ಕಣ್ಣು ಮುಚ್ಚಿ ನುಂಗುತ್ತಿದ್ದರು. ಊಟ ಮುಗಿದದ್ದೇ ನಾನು ಕೈ ತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋದೆ. ಜೇಬಿನಿಂದ ಮಾತ್ರೆ ತೆಗೆದು ಬಾಯಿಗೆ ಹಾಕಿಕೊಳ್ಳುವಾಗ ಹುಳುಮನೆಯ ಬಾಗಿಲಲ್ಲಿ ಬೀಗರು ನಿಂತಿರುವುದು ಕಾಣಿಸಿತು. ಅವರೂ ಬಾಯಿಗೆ ಏನೋ ಹಾಕಿಕೊಂಡರು. ಇಬ್ಬರೂ ಬೆಚ್ಚಿದೆವು.

"ಲವಂಗ" ಎಂದರು ಅವರು.

"ನಂದೂ ಲವಂಗ" ಎಂದೆ ನಾನು.

ಭಾವಮೈದುನನಿಗೆ ಸ್ನಾನ ಮಾಡಿಸಿದ ಮನುಷ್ಯ ಹುಳುಮನೆಯ ಬಾಗಿಲಲ್ಲಿ ನಿಂತು ಲವಂಗ ಅಗಿಯುತ್ತಾನೆಯೇ ಎಂದು ಯಾರಿಗಾದರೂ ಹೊಳೆಯಬೇಕಿತ್ತು. ನನಗೆ ಹೊಳೆಯಲಿಲ್ಲ. ನನ್ನ ಲವಂಗವನ್ನು ನೀರಿಲ್ಲದೆ ನುಂಗುವುದೇ ನನಗೆ ಸಾಕಾಗಿತ್ತು.

ಆ ಯುಗಾದಿಗೆ ಮಗಳು ಬಸುರಿ. ಮುಂಗಾರು ಶುರುವಾಗುವ ಹೊತ್ತಿಗೆ ಒಂದು ದಿನ ಕಚೇರಿಗೆ ಬೀಗರ ಫೋನು ಬಂತು. "ಗಾಬ್ರಿಯಾಗ್ಬೇಡಿ. ಕನಕ್‌ಪುರದ ಆಸ್ಪತ್ರೇಲಿವ್ನಿ. ಮಗೀಗೆ ಅದೇನೋ ರಕ್ತ ತಗ್ದವ್ರೆ, ಸಕ್ಕರೆ ಜಾಸ್ತಿ ಐತಂತೆ. ಒಸಿ ಬತ್ತೀರಾ?" ಎಂದರು. ಅವರ ಬಾಯಲ್ಲಿ ಮಗು ಎಂದರೆ ಸೊಸೆ. ಬಸ್ಸು ಹತ್ತಿದೆ. ದಾರಿಯಲ್ಲಿ ಏನು ನೋಡಿದೆ, ಪಕ್ಕದಲ್ಲಿ ಯಾರು ಕೂತಿದ್ದರು ಒಂದೂ ನೆನಪಿಲ್ಲ. ನನ್ನದು ಅವಳಿಗೆ ಹೋಯಿತು, ನನ್ನದು ಅವಳಿಗೆ ಹೋಯಿತು ಎನ್ನುವುದೊಂದೇ ತಲೆಯಲ್ಲಿ.

ಡಾಕ್ಟರಮ್ಮನ ಕೋಣೆಯಲ್ಲಿ ಮಗಳು, ಬೀಗರು, ಬಾಗಿಲಿಗೆ ಒರಗಿಕೊಂಡು ಬೀಗಿತ್ತಿ. ಅಳಿಯ ಔಷಧಿ ತರಲು ಹೋಗಿದ್ದ. ನನ್ನನ್ನು ಫ್ಯಾನಿನ ಕೆಳಗೆ ಕೂರಿಸಿದರು. ಡಾಕ್ಟರಮ್ಮ ಪೆನ್ನು ಹಿಡಿದು, "ಮನೇಲಿ ಯಾರಿಗಾದರೂ ಶುಗರ್ ಇದೆಯಾ?" ಎಂದರು.

"ಇಲ್ಲ ಮೇಡಮ್" ಎಂದಳು ಮಗಳು, ಯೋಚಿಸಲೂ ಇಲ್ಲ. "ನಮ್ಮಪ್ಪ ದಿನಾ ಆಫೀಸಿಗೆ ಸೈಕಲ್ಲಲ್ಲೇ ಹೋಗ್ತಾರೆ. ಗುಂಡುಕಲ್ಲು ಇದ್ದಂಗಿದಾರೆ. ಅಲ್ವಾಪ್ಪ?"

ಆ ಹೆಮ್ಮೆಯ ಮುಖ ನೋಡಿ ನಾನು ಕರ್ಚೀಫು ತೆಗೆದು ಹಣೆ ಒರೆಸಿಕೊಂಡೆ. "ಸರಿಯಾಗಿ ಹೇಳಿ, ಮುಂದೆ ಹೇಗೆ ನೋಡಿಕೊಳ್ಳಬೇಕು ಅನ್ನೋದಕ್ಕೆ ಬೇಕು" ಎಂದರು ಡಾಕ್ಟರಮ್ಮ. ಬಾಗಿಲಲ್ಲಿ ಬೀಗಿತ್ತಿ ನನ್ನನ್ನೇ ನೋಡುತ್ತಿದ್ದರು. ಅಷ್ಟರಲ್ಲಿ ಬೀಗರು ಕುರ್ಚಿಯ ತುದಿಯಿಂದ ಎದ್ದು ಕೈ ಮುಗಿದರು.

"ತಪ್ಪ್ ತಿಳ್ಕಬೇಡಿ ಡಾಕ್ಟ್ರಮ್ಮ. ಐತೆ. ನಂಗೈತೆ ಶುಗರ್ರು. ವರ್ಸಗಳಿಂದ ಕದ್ದು ಮಾತ್ರೆ ನುಂಗ್ತಾ ಇವ್ನಿ. ನನ್ನಿಂದಾನೇ ಬಂದಿರೋದು. ಮಗೀದೇನೂ ತಪ್ಪಿಲ್ಲ."

"ನೀವು ಹುಡುಗಿ ತಂದೆನಾ?"

"ಅಲ್ಲ. ಮಾವ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ನಕ್ಕರು. "ಮಾವನ ಶುಗರ್ ಸೊಸೆಗೆ ಬರಲ್ಲ ಯಜಮಾನ್ರೇ. ಅದು ಹುಟ್ಟಿದ ಮನೆಯಿಂದ ಬರೋದು."

"ಯಾಕ್ ಬರಕಿಲ್ಲ?" ಎಂದು ಬೀಗರು ವಾದಕ್ಕೇ ನಿಂತರು. "ನಮ್ಮನೆ ಹಿಟ್ಟು ತಿಂತಾ ಐತೆ, ನಮ್ಮನೆ ನೀರ್ ಕುಡೀತಾ ಐತೆ. ಅವ್ರಪ್ಪ ಕೊಟ್ಟಾಗ ಬಂಗಾರದಂಗಿತ್ತು ಮಗ. ನಮ್ಮನೇಗ್ ಬಂದ್ ಮ್ಯಾಲೆ ಬಂದಿರೋ ಕಾಯ್ಲೆ ನಮ್ದೇಯ. ಹಂಗೇ ಬರ್ಕಳಿ."

ಆ ಮಾತು ಕೇಳಿದ ಮೇಲೂ ಬಾಯಿ ಮುಚ್ಚಿಕೊಂಡಿದ್ದರೆ ನಾನು ಮನುಷ್ಯನೇ ಅಲ್ಲ. "ನನಗಿದೆ ಮೇಡಮ್" ಎಂದೆ. "ನಮ್ಮಪ್ಪನಿಗೂ ಇತ್ತು. ಕಾಲು ತೆಗೆದಿದ್ದರು. ಸೈಕಲ್ಲು ತುಳಿಯೋದು ಅದಕ್ಕೇ."

ಮಗಳು ನನ್ನನ್ನೇ ನೋಡಿದಳು. ಕೋಪವಿರಲಿಲ್ಲ, ಹತ್ತಿರ ಬಂದು ನನ್ನ ಪಾದಗಳನ್ನು ನೋಡಿದಳು. ಡಾಕ್ಟರಮ್ಮ ಬರೆದುಕೊಂಡು, ಹೇಳಿದ್ದು ಒಳ್ಳೆಯದಾಯಿತು ಎಂದರು. ಬಸುರಿನಲ್ಲಿ ಹೀಗೆ ಬರುವುದು ಅಪರೂಪವಲ್ಲ, ಊಟದಲ್ಲಿ ಹಿಡಿತ, ದಿನಾ ನಡಿಗೆ, ಆಗಾಗ ಪರೀಕ್ಷೆ; ಹೆರಿಗೆಯಾದ ಮೇಲೆ ಬಹಳಷ್ಟು ಜನಕ್ಕೆ ಹೋಗಿಯೇ ಬಿಡುತ್ತದೆ ಎಂದರು. ಎಷ್ಟೋ ತಿಂಗಳಿಂದ ಬಿಗಿಹಿಡಿದಿದ್ದ ಉಸಿರು ಆಗ ಹೊರಗೆ ಬಂತು. ಆದರೂ ಒಂದು ಬಾಕಿ ಇತ್ತು. ಹೊರಗೆ ಬಂದು ಬೀಗಿತ್ತಿಯ ಮಾತಿಗೆ ತಲೆಯೊಡ್ಡಿ ನಿಂತೆ.

ಆಕೆ ಮೊದಲು ಗಂಡನ ಮೇಲೆ ತಿರುಗಿದರು. "ಹಂಗಾರೆ ಅದು ಲವಂಗ ಅಲ್ವಾ? ಇಷ್ಟ್ ದಿವ್ಸ ನಂಗೇ ಲವಂಗ ಅಂತ ಹೇಳ್ಕಂಡ್ ಬಂದ್ರಾ?" ಬೀಗರು ಕಂಬದ ಹಿಂದೆ ಸರಿದರು. ಆಮೇಲೆ ಆಕೆ ನನ್ನ ಕಡೆ ಬಂದರು. "ನಾನೇ ಕೈಯಾರೆ ಹೋಳ್ಗೆ ಬಡಿಸ್ದೆ ನಿಮ್ಗೆ. ಕೈ ಅಡ್ಡ ಹಿಡುದ್ರೂ ಬುಡ್ಲಿಲ್ಲ. ಏನಾರ ಆಗಿದ್ರೆ ಈ ಮಗೀಗೆ ಏನ್ ಹೇಳನ ನಾನು? ಬಾಯ್ಬುಟ್ಟು ಹೇಳಕ್ಕೇನಾಗಿತ್ತು ನಿಮ್ಗೆ?" ಎಂದು ಸೆರಗಿನಿಂದ ಕಣ್ಣು ಒರೆಸಿಕೊಂಡರು. ಬಿತ್ತನೆಯ ಮಾತು ಬರಲೇ ಇಲ್ಲ. ಬೀಗರೂಟದಲ್ಲಿ ಆಡಿದ್ದು ಆಕೆಗೆ ನೆನಪಿತ್ತೋ ಇಲ್ಲವೋ. ಒಂದು ಮಾತನ್ನು ಆಡಿದವರು ಮರೆತು, ಕೇಳಿಸಿಕೊಂಡವನೊಬ್ಬ ಅಷ್ಟು ಕಾಲ ಹೊತ್ತು ತಿರುಗಿದ್ದ.

ಆಸ್ಪತ್ರೆಯ ಎದುರಿನ ಹೊಂಗೆ ಮರದ ಕೆಳಗೆ ನಾವಿಬ್ಬರೂ ಟೀ ತರಿಸಿದೆವು. ಸಕ್ಕರೆ ಇಲ್ಲದ್ದು, ಇಬ್ಬರಿಗೂ, ರಾಜಾರೋಷವಾಗಿ. ಬೀಗರು 'ಸೈಕಲ್ಲು' ಎಂದು ತಮಗೆ ತಾವೇ ಹೇಳಿಕೊಂಡರು. ಇದ್ದಕ್ಕಿದ್ದಂತೆ ನೆತ್ತಿಯ ಮೇಲೆ ಕೈ ಹೊಡೆದುಕೊಂಡು ನಗಲು ಶುರುಮಾಡಿದರು.

"ಅಯ್ಯೋ ನಿಮ್ಮ! ಮದ್ವೆ ಅದ್ದೂರಿಯಾಗಾಗ್ಲಿ ಅಂದೋನು ನಾನೇಯ. ನನ್ನಿಂದ ಬೀಗ್ರು ಬೀದಿಗ್ ಬಂದ್ರು ಅನ್ಕಂಡು ನಿದ್ದೆ ಬುಟ್ಟಿದ್ನಲ್ಲ! ಸದ್ಯ! ಬರೀ ಕಾಯ್ಲೆ ಕಣ್ ಬುಡಿ!"

ಬರೀ ಕಾಯಿಲೆ! ಆ ಮಾತನ್ನು ಅಷ್ಟು ಸಂತೋಷದಿಂದ ಹೇಳಿದ ಮನುಷ್ಯ ಬೇರೆ ಯಾರಿದ್ದಾರೋ ನಾನರಿಯೆ. ನಾವು ನಕ್ಕ ನಗುವಿಗೆ ಟೀ ಅಂಗಡಿಯವನು ಹೊರಗೆ ಬಂದು ನೋಡಿದ.

ನಗು ನಿಂತ ಮೇಲೆ ಕೇಳಿದೆ. ನಿಮ್ಮ ಶುಗರ್ ಸೊಸೆಗೆ ಬರುವುದಿಲ್ಲ ಎಂದು ನಿಜವಾಗಿಯೂ ಗೊತ್ತಿರಲಿಲ್ಲವೇ ಎಂದು. ಅವರು ಲೋಟದೊಳಗೆ ನೋಡುತ್ತಾ, "ತಪ್ಪ್ ತಿಳ್ಕಬೇಡಿ ಬೀಗ್ರೇ. ಫ್ಯಾನ್ ಕೆಳ್ಗೇ ಕೂತಿದ್ರಿ. ಬೆವರ್ತಾ ಇದ್ರಿ" ಎಂದರು. ಅಷ್ಟೇ. ನಾನು ಕೆದಕಲಿಲ್ಲ. ನನ್ನ ಮಗಳ ಮೇಲೆ ಬೀಳಲಿದ್ದ ಮಾತೊಂದು ಬೀಳುವ ಮೊದಲೇ ಅದಕ್ಕೆ ತನ್ನ ತಲೆ ಕೊಡಲು ಎದ್ದು ನಿಂತವರು ಅವರು. ಹೆಣ್ಣು ಕೊಟ್ಟವರು ನಾವು, ಆದ್ದರಿಂದ ಕೊಟ್ಟವರು ನಾವೇ ಎಂದು ಅಲ್ಲಿಯವರೆಗೆ ತಿಳಿದಿದ್ದೆ. ಈ ಋಣ ಈ ಜನ್ಮದಲ್ಲಿ ತೀರುವುದಲ್ಲ, ತೀರಿಸುವ ಆಸೆಯೂ ನನಗಿಲ್ಲ.

ಮೊಪೆಡ್ಡನ್ನು ಆ ವಾರವೇ ವಾಪಸು ಒಯ್ದರು. ಮುಂದಿನ ಬಾರಿ ಹೋದಾಗ ಅವರ ಮನೆಯ ಗೋಡೆಗೆ ಒಂದು ಹಳೇ ಸೈಕಲ್ಲು ಒರಗಿತ್ತು. ಬೆಳಿಗ್ಗೆ ತೋಟಕ್ಕೆ ಅದರಲ್ಲೇ ಹೋಗುತ್ತಾರಂತೆ. ಊರಿನವರು ಯಾಕೆ ಗೌಡ್ರೇ ಎಂದರೆ, "ಶುಗರ್ ಐತೆ, ಅದ್ಕೆ" ಎಂದು ಗಟ್ಟಿಯಾಗಿ ಹೇಳುತ್ತಾರಂತೆ. ಬೀಗಿತ್ತಿ ಸೊಸೆಯನ್ನು ಸಂಜೆ ಸಂಜೆ ಕೆರೆ ಏರಿಯ ಮೇಲೆ ನಡೆಸಿಕೊಂಡು ಹೋಗುತ್ತಿದ್ದರು; ತಾವು ಪಾಯಸ ಮಾಡುವುದನ್ನೇ ಬಿಟ್ಟರು.

ಹೆರಿಗೆ ಆದದ್ದು ರಾಮನಗರದಲ್ಲಿ, ದಸರಾ ರಜೆಯಲ್ಲಿ. ಹೆಣ್ಣುಮಗು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ ಎಂದರೂ ಬೀಗರು ಕೂರಲಿಲ್ಲ. ಮಗುವಿನ ಹಿಮ್ಮಡಿಯಿಂದ ಒಂದು ಹನಿ ರಕ್ತ ತೆಗೆದು ಸಕ್ಕರೆ ನೋಡುತ್ತಾರೆ ಎಂದು ಯಾರೋ ಹೇಳಿದ್ದರು. ಅವರು ಆ ಬಾಗಿಲನ್ನೇ ಕಾಯುತ್ತಿದ್ದರು. ನರ್ಸು ಹೊರಗೆ ಬಂದಳು.

"ಎಷ್ಟೈತವ್ವ?"

"ನಾರ್ಮಲ್ ತಾತ."

ಬೀಗರು ನನ್ನ ಕಡೆ ತಿರುಗಿದರು. "ನಾರ್ಮಲ್ ಅಂದ್ರೆ ಇಲ್ಲ ಅಂತ ತಾನೆ?"

ಆ ಒಂದು ಹನಿಯಲ್ಲಿ ಅದೆಲ್ಲ ತಿಳಿಯುವುದಿಲ್ಲ ಎಂದು ನನಗೆ ಗೊತ್ತಿತ್ತು. "ಇಲ್ಲ ಅಂತಲೇ ಬೀಗ್ರೇ" ಎಂದೆ.

ಅವರು ನನ್ನ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು. ಕಣ್ಣೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ನನ್ನ ಕೈ ಬಿಡಬೇಕಿತ್ತು, ಬಿಡಲಿಲ್ಲ.

"ನಿಮ್ದೂ ತಕ್ಕಳ್ಳಿಲ್ಲ, ನಂದೂ ತಕ್ಕಳ್ಳಿಲ್ಲ ಕಣ್ ಬೀಗ್ರೇ" ಎಂದರು. "ಬುದ್ವಂತೆ."

ನಾನು ಹೂಂ ಎಂದೆ.